ರಸ್ತೆಯಲ್ಲಿ ರೋಟವೇಟರ್ ಓಲಾಡುವುದು ನಿಂತಿದ್ದು ಹೀಗೆ

ಹೆಸರಘಟ್ಟದಿಂದ ರಾಜಾನುಕುಂಟೆ ಕಡೆಗೆ ಟ್ರಾಕ್ಟರ್‌ನಲ್ಲಿ ಹೋಗುವಾಗ ಪ್ರತಿ ಹಂಪ್‌ನಲ್ಲೂ ಹಿಂದೆ ಕಟ್ಟಿದ ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಅದನ್ನು ಟ್ರಾಕ್ಟರ್‌ಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಲಿಂಕ್, ಉಜ್ಜಿ ಟೈರಿನ ಒಳಬದಿಯಲ್ಲಿ ಬೆರಳಗಲದ ಗೀರು ಬಿದ್ದಿತ್ತು. ಪಕ್ಕದಲ್ಲೇ ಬೈಕ್‌ನವರು ನುಗ್ಗುತ್ತಾರೆ, ಅಪಾಯ ಅಲ್ವಾ?

ನಿಧಾನವಾಗಿ ಓಡಿಸಿದೆ, ಹಗ್ಗ ಬಿಗಿದೆ, ಉಪಯೋಗವಾಗಲಿಲ್ಲ. ಇನ್ನೂ ಮೇಲಕ್ಕೆತ್ತಿದರೆ ಓಲಾಟ ಜಾಸ್ತಿಯೇ ಆಯಿತು.

ತಪ್ಪಿದ್ದದ್ದು ಚೆಕ್ ಚೈನ್‌ನಲ್ಲಿ, ಅಂದರೆ ಲೋವರ್ ಲಿಂಕ್ ಪಕ್ಕಕ್ಕೆ ಓಲಾಡದಂತೆ ಹಿಡಿಯುವ ಸರಪಳಿಯಲ್ಲಿ. ನಾನು ಅದನ್ನು ರೋಟವೇಟರ್ ನೆಲದ ಮೇಲಿದ್ದಾಗ ಬಿಗಿಯುತ್ತಿದ್ದೆ. ನನ್ನ ಟ್ರಾಕ್ಟರ್‌ನಲ್ಲಿ ಎತ್ತಿದ ಕೂಡಲೇ ಚೈನ್ ಸಡಿಲವಾಗುತ್ತದೆ. ಈಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಿಟಿಒ (ಎಂಜಿನ್ ಶಕ್ತಿಯಿಂದ ರೋಟವೇಟರ್ ತಿರುಗಿಸುವ ವ್ಯವಸ್ಥೆ) ನ್ಯೂಟ್ರಲ್ ಮಾಡಿ, ರಸ್ತೆಗೆ ಬೇಕಾದ ಎತ್ತರಕ್ಕೆ ಎತ್ತುತ್ತೇನೆ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್. ರೋಟವೇಟರ್ ಕೆಳಗೆ ದಪ್ಪ ಮರದ ದಿಮ್ಮಿಗಳನ್ನಿಟ್ಟು, ಭಾರವನ್ನು ಅವುಗಳ ಮೇಲೆ ಕೂರಿಸಿದ ಮೇಲೆಯೇ ಕೈ ಹಾಕುವುದು. ಬರೀ ಹೈಡ್ರಾಲಿಕ್ ನಂಬಬೇಡಿ. ಎರಡೂ ಚೈನ್ ಸಮವಾಗಿ, ಪಕ್ಕಕ್ಕೆ ಅರ್ಧ ಇಂಚು ಮಾತ್ರ ಅಲುಗುವಷ್ಟು ಬಿಗಿದು, ಲಾಕ್ ನಟ್ ಹಾಕುತ್ತೇನೆ. ಪಿಟಿಒ ಶಾಫ್ಟ್ ಬಿಚ್ಚಿಡುತ್ತೇನೆ.

ಹೊರಡುವ ಮುನ್ನ ಎಡ-ಬಲ ಹಿಂಚಕ್ರಗಳ ಎರಡು ಬ್ರೇಕ್ ಪೆಡಲ್ ಸೇರಿಸುವ ಕೊಂಡಿ ಹಾಕಿ. ಹೊಲದಲ್ಲಿ ತಿರುಗಲು ಬಿಚ್ಚಿದ್ದನ್ನು ಮರೆತರೆ ಒಂದೇ ಚಕ್ರ ಹಿಡಿದು ಟ್ರಾಕ್ಟರ್ ಪಕ್ಕಕ್ಕೆ ಎಳೆಯುತ್ತದೆ. ರೋಟವೇಟರ್‌ನ ಎರಡೂ ತುದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ್ದೇನೆ, ಯಾಕಂದ್ರೆ ಟ್ರಾಕ್ಟರ್‌ನ ಹಿಂದಿನ ದೀಪವನ್ನು ರೋಟವೇಟರ್ ಮರೆಮಾಡುತ್ತದೆ.