ಕರೆಂಟ್ ಹೋದ ಗಿರಣಿಯಲ್ಲಿ ಕಾಲದ ಬಿಂಬ: ನನ್ನ ಅನುಭವ

ನನ್ನ ಹನ್ನೊಂದು ನಿಮಿಷದ ಕಿರುಚಿತ್ರ ಕೊನೆಗೂ ಒಂದು ಹದಕ್ಕೆ ಬಂದಿದೆ. "ಇದೇನು ಸ್ಕ್ರೀನ್‌ಸೇವರಾ?" ಎಂದು ನಕ್ಕಿದ್ದ ಎಡಿಟರ್ ಗೆಳೆಯನೇ ಈಗ ಹೆಂಗಸು ಸುಮ್ನೆ ಕಾಯುವ ಆ ಶಾಟ್ ಹೇಗೆ ತೆಗೆದೆ ಎಂದು ಕೇಳುತ್ತಿದ್ದಾನೆ. ಬರೆಯಲು ಅಷ್ಟು ಕಾರಣ ಸಾಕಲ್ವಾ?

ಕಥೆ ಚಿಕ್ಕದು. ತುಮಕೂರು ಕಡೆಯ ಒಂದು ಹಿಟ್ಟಿನ ಗಿರಣಿ. ಒಬ್ಬ ಹೆಂಗಸು ರಾಗಿ ಹಿಟ್ಟು ಮಾಡಿಸಲು ಬಂದಿದ್ದಾಳೆ. ಅರ್ಧಕ್ಕೆ ಕರೆಂಟ್ ಹೋಗುತ್ತದೆ. ಕಾಯುತ್ತಾಳೆ.

ಫ್ರೆಂಚ್ ತತ್ವಶಾಸ್ತ್ರಜ್ಞ ಡೆಲ್ಯೂಜ್ 1983 ಮತ್ತು 1985ರಲ್ಲಿ ಹೊರತಂದ ಸಿನಿಮಾ ಸಂಪುಟಗಳನ್ನು ತಿರುವಿದವರಿಗೆ ನನ್ನ ಲೆಕ್ಕಾಚಾರ ಗೊತ್ತಾಗಿರುತ್ತದೆ. ಕಂಡದ್ದಕ್ಕೆ ಪಾತ್ರ ಏನಾದರೂ ಮಾಡಬಲ್ಲದು ಎನ್ನುವವರೆಗೆ, ಅವರ ಮಾತಲ್ಲಿ, ಅದು ಚಲನೆಯ ಬಿಂಬ. ಮಾಡಲು ಏನೂ ಉಳಿಯದೆ ಸುಮ್ನೆ ನೋಡುತ್ತ, ಕೇಳುತ್ತ ಇರಬೇಕಾದಾಗ ಕಾಲದ ಬಿಂಬ. ಅದಕ್ಕೆ ಕರೆಂಟ್ ಹೋದ ಗಿರಣಿಗಿಂತ ಒಳ್ಳೆ ಜಾಗ ಬೇಕಾ?

ಮೊದಲ ಸಲ ಕತ್ತಲಾದ ಮೇಲಿಂದಲೇ ಶುರು ಮಾಡಿದೆ. ಆರು ನಿಮಿಷದ ಒಂದೇ ಶಾಟ್. ಕ್ಯಾಮೆರಾ, ಲೆನ್ಸ್ ಬಾಡಿಗೆ, ಸೌಂಡ್ ಹುಡುಗನ ಸಂಬಳ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ವ್ಯಾಪಾರ ನಿಂತದ್ದಕ್ಕೆ ಗಿರಣಿ ಮಾಲೀಕರಿಗೆ ಮೂರು ಸಾವಿರ. "ಕರೆಂಟ್ ಹೋದ್ರೆ ನಾವು ಬೈಕೊಂಡು ಕೂತಿರ್ತೀವಿ, ನೀವು ದುಡ್ಡು ಕೊಟ್ಟು ತೆಗೆಸ್ತೀರಲ್ಲ ಸಾರ್" ಅಂದರು ಅವರು. ಲೆನ್ಸ್ ಒಳಗೆ ಹಿಟ್ಟು ಹೋಗಿದೆ ಅಂತ ಬಾಡಿಗೆಯವರು ಕ್ಲೀನಿಂಗ್‌ಗೆ ಎರಡೂವರೆ ಸಾವಿರ ಕಿತ್ತರು. ಇಷ್ಟೆಲ್ಲ ಆಗಿ, ತೋರಿಸಿದರೆ ಎರಡನೇ ನಿಮಿಷಕ್ಕೇ ಎಲ್ಲರ ಕೈಗೆ ಮೊಬೈಲ್ ಬಂತು.

ಆಮೇಲೆ ಜಪಾನಿನ ನಿರ್ದೇಶಕ ಓಜು ಅವರ 1949ರ 'ಲೇಟ್ ಸ್ಪ್ರಿಂಗ್' ಚಿತ್ರದಲ್ಲಿ ಬರುವ ಹೂದಾನಿಯ ಶಾಟನ್ನು ಮತ್ತೆ ನೋಡಿದೆ. ಕಾಲದ ಬಿಂಬ ಅಂದರೆ ಡೆಲ್ಯೂಜ್ ಎತ್ತಿ ಹೇಳುವ ಶಾಟ್ ಅದು. ಇರುವುದು ಹತ್ತು ಸೆಕೆಂಡಿನ ಆಸುಪಾಸು ಅಷ್ಟೇ! ಮಗಳ ನಸುನಗು, ಹೂದಾನಿ, ಆಮೇಲೆ ಅಳು ಬರುವಂತಾದ ಅದೇ ಮುಖ. ಶಾಟ್ ಎಷ್ಟು ಉದ್ದ ಅನ್ನುವುದಕ್ಕೂ ಕಾಲದ ಬಿಂಬಕ್ಕೂ ಅಂಥ ನಂಟಿಲ್ಲ ಅನ್ನುವುದು ಆಗ ಹೊಳೆಯಿತು.

ಹಾಗಾಗಿ ಮತ್ತೆ ಸಾಲ ಮಾಡಿ ಕರೆಂಟ್ ಹೋಗುವ ಮುಂಚಿನ ಭಾಗ ತೆಗೆದೆ. ಐದಾರು ನಿಮಿಷ ಬರೀ ಕೆಲಸ: ತಕ್ಕಡಿ, ಓಡುವ ಬೆಲ್ಟ್, ರಾಗಿ ಸುರಿಯುವ ಕೈ, ಇನ್ನೇನು ಬರಲಿರುವ ಸಂಜೆ ಬಸ್ಸು. ಚಕಚಕ ಕಟ್. ನೋಡುವವರೂ ಆಕೆಯ ಜೊತೆ ಬಸ್ಸಿಗೆ ಓಡುತ್ತಿರಬೇಕು. ಆಗ ಮೇನ್ ಆಫ್. ಕಾಯುವ ಶಾಟ್ ಈಗ ಐವತ್ತು ಸೆಕೆಂಡ್ ಇರಬಹುದು. ಯಾರೂ ಅಲುಗಾಡಲಿಲ್ಲ. ಎರಡು ನಿಮಿಷಕ್ಕಿಂತ ಜಾಸ್ತಿ ಇತ್ತು ಅಂತ ಕೆಲವರು ವಾದವನ್ನೇ ಮಾಡಿದರು. ಕೆಲಸದ ಓಟವನ್ನು ಗಟ್ಟಿಯಾಗಿ ಕಟ್ಟದೆ ಅದನ್ನು ಮುರಿಯಲು ಹೊರಟರೆ ಮುರಿಯಲು ಏನಿರುತ್ತದೆ? ಬೆಲ್ಟಿನ ಸದ್ದು ಚಿತ್ರಕ್ಕಿಂತ ಎಷ್ಟು ಫ್ರೇಮ್ ತಡವಾಗಿ ಸಾಯುತ್ತದೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದು ನನ್ನ ಬಂಡವಾಳ.

ನಡುವೆ ಇನ್ನೊಂದು ಆಟವೂ ನಡೆಯಿತು. ಸಿನಿಮಾ ನಿಂತ ಚಿತ್ರಗಳನ್ನು ಜೋಡಿಸುತ್ತದೆ, ಚಲನೆಯನ್ನು ಯಂತ್ರ ಹೊರಗಿನಿಂದ ತುಂಬುತ್ತದೆ ಎಂದು ಇನ್ನೊಬ್ಬ ಫ್ರೆಂಚ್ ತತ್ವಶಾಸ್ತ್ರಜ್ಞ ಬರ್ಗ್‌ಸನ್ 1907ರಲ್ಲಿ ತಕರಾರು ಎತ್ತಿದ್ದರು. ಬೀಳುವ ಹಿಟ್ಟನ್ನು 1/500 ಸೆಕೆಂಡ್ ಶಟರ್‌ನಲ್ಲಿ ತೆಗೆದೆ. ಅವರ ಮಾತೇ ಸರಿ ಅನ್ನಿಸಿತು. ಪ್ರತಿ ಫ್ರೇಮೂ ಒಂದೊಂದು ಫೋಟೋ, ಓಡಿಸಿದರೆ ಬರೀ ನಡುಕ. 1/50ಕ್ಕೆ ತಂದೆ. ಹಿಟ್ಟು ಗೆರೆಯಾಗಿ ಎಳೆದುಕೊಂಡು, ಚಲನೆ ಫ್ರೇಮಿನೊಳಗೇ ಬಂದು ಕೂತಿತು. ಚಲನೆ ಬಿಂಬದೊಳಗೇ ಇದೆ ಎಂದು ಡೆಲ್ಯೂಜ್ ಬರ್ಗ್‌ಸನ್‌ಗೆ ಅವರದೇ 1896ರ ಪುಸ್ತಕ ಹಿಡಿದು ಉತ್ತರ ಕೊಡುತ್ತಾರಲ್ಲ, ಅದರ ರುಚಿ ನನಗೆ ಸಿಕ್ಕಿದ್ದು ಇಲ್ಲಿ. ತತ್ವಶಾಸ್ತ್ರದ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ, ಇರಲಿ. 1/50 ಇಟ್ಟರೆ ನಮ್ಮ 50 ಹರ್ಟ್ಸ್ ಟ್ಯೂಬ್‌ಲೈಟ್ ಮಿನುಗುವ ಕಾಟವೂ ತಪ್ಪುತ್ತದೆ.

ಒಟ್ಟು ಖರ್ಚು ನಲವತ್ತು ಸಾವಿರ ದಾಟಿರಬೇಕು. ನೀವೂ ಗಿರಣಿಗೆ ಇಳಿಯುವುದಾದರೆ ಯುವಿ ಫಿಲ್ಟರ್ ಹಾಕಿ, ಲೆನ್ಸ್ ಮೌಂಟ್ ಸುತ್ತ ಟೇಪ್ ಸುತ್ತಿ. ಲೆನ್ಸ್ ಬದಲಿಸುವುದಿದ್ದರೆ ಹೊರಗೆ, ಗಾಜು ಏರಿಸಿದ ಕಾರಿನೊಳಗೆ.