ನೈಟ್ರಿಕ್ ಇಲ್ಲದೆ ಗಿಲ್‌ರೇ ಗೆರೆ: ನನ್ನ ಅನುಭವ

"ಫೆರಿಕ್ ಕ್ಲೋರೈಡಿನಲ್ಲಿ ಗಿಲ್‌ರೇ ಗೆರೆ ಬರಲ್ಲ ಮಾರಾಯ" ಎಂದ ಪ್ರಿಂಟ್ ಮಾಡುವವರೇ ಈಗ ನನ್ನ ಪ್ರೂಫನ್ನು (ಪರೀಕ್ಷೆಗೆ ತೆಗೆದ ಪ್ರತಿಯನ್ನು) ಲೆನ್ಸ್ ಇಟ್ಟು ನೋಡುತ್ತಿದ್ದಾರೆ. ಗಿಲ್‌ರೇ ಅಂದರೆ ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ವ್ಯಂಗ್ಯಚಿತ್ರಕಾರ. ಕೆಲಸದ ಹೆಸರು ಎಚಿಂಗ್: ಲೋಹದ ಪ್ಲೇಟಿಗೆ ಗ್ರೌಂಡ್ ಎಂಬ ರಕ್ಷಣೆಯ ಲೇಪ ಹಚ್ಚಿ, ಸೂಜಿಯಲ್ಲಿ ಗೆರೆ ಕೆರೆದು, ಆ ಗೆರೆಯನ್ನು ರಾಸಾಯನಿಕದಿಂದ ತಿನ್ನಿಸಿ ಅಚ್ಚು ತೆಗೆಯುವುದು. ಅವರ ಮಾತು ಪೂರ್ತಿ ಸುಳ್ಳೇನಲ್ಲ. ಫೆರಿಕ್ ತಾಮ್ರವನ್ನು ತುಂಬಾ ನೀಟಾಗಿ ತಿನ್ನುತ್ತದೆ. ಗೆರೆ ಒಂದೇ ಸಮ, ನೈಟ್ರಿಕ್ ಆ್ಯಸಿಡ್ಡಿನ ಗೆರೆಯಲ್ಲಿರುವ ಜೀವ ಇರುವುದಿಲ್ಲ. ಆದರೆ ಬಾಡಿಗೆ ಮನೆಯ ಮಹಡಿಯಲ್ಲಿ ನೈಟ್ರಿಕ್ ಹೊಗೆ ಎಬ್ಬಿಸೋಕೆ ಆಗುತ್ತಾ?

ನಾನು ಆರಿಸಿಕೊಂಡಿದ್ದು ಜೇಮ್ಸ್ ಗಿಲ್‌ರೇ 1805ರಲ್ಲಿ ಮಾಡಿದ ಪ್ಲಮ್ ಪುಡ್ಡಿಂಗ್ (ಒಂದು ಇಂಗ್ಲಿಷ್ ಸಿಹಿ) ಚಿತ್ರ. ಭೂಗೋಳವೇ ಪುಡ್ಡಿಂಗ್. ಬ್ರಿಟನ್ ಪ್ರಧಾನಿ ಪಿಟ್ ಸಮುದ್ರವನ್ನು ಕುಯ್ಯುತ್ತಿದ್ದಾನೆ, ಎದುರಿಗೆ ನೆಪೋಲಿಯನ್ ಯುರೋಪನ್ನು. ಪಾಪ, ಕುರ್ಚಿಯಿಂದ ಮೇಲೆದ್ದರೇನೇ ಅವನಿಗೆ ಎಟುಕುವುದು! ನಿಜಕ್ಕೂ ಆತ ಕುಳ್ಳನಲ್ಲ, ಆ ಕಾಲದ ಸಾಮಾನ್ಯ ಎತ್ತರದವನು. ಜನರ ತಲೆಯಲ್ಲಿ ಅವನನ್ನು ಕುಳ್ಳ ಮಾಡಿದ್ದರಲ್ಲಿ ಗಿಲ್‌ರೇ ಸೂಜಿಯ ಪಾಲು ದೊಡ್ಡದು. ಗೇಲಿಯೆಲ್ಲ ಇರುವುದು ಆ ಟೋಪಿಯ ಗರಿಯಲ್ಲಿ, ಮೂಗಿನಲ್ಲಿ, ಆಸೆಬುರುಕ ಕಣ್ಣಿನಲ್ಲಿ. ಅಲ್ಲಿ ಗೆರೆ ಸತ್ತರೆ ಉಳಿಯುವುದು ಊಟಕ್ಕೆ ಕೂತ ಇಬ್ಬರು ಗಂಡಸರು ಅಷ್ಟೇ.

ಮೊದಲು ಅಗ್ಗ ಅಂತ ಜಿಂಕ್ ತಂದೆ. ಫೆರಿಕ್‌ಗೆ ಇಳಿಸಿದ್ದೇ ತಡ, ಕೊತಕೊತ ಕುದಿದು ಗರಿಯೆಲ್ಲ ಒಂದೇ ಹೊಂಡವಾಯಿತು. ಆಮೇಲೆ ತಾಮ್ರ. ಒಂದು ಪ್ಲೇಟಿಗೆ 1,500 ರೂಪಾಯಿ ಆಸುಪಾಸು ಬಿತ್ತು. ಸ್ಟಾಪ್‌ಔಟ್ (ಸಾಕಷ್ಟು ತಿಂದ ಗೆರೆಗೆ ಫೆರಿಕ್ ತಾಗದಂತೆ ಬಳಿಯುವ ವಾರ್ನಿಷ್) ಹಚ್ಚಿ ಹಚ್ಚಿ ಕೆಲವನ್ನು ಹಾಳು ಮಾಡಿದ್ದಾಯಿತು. ಬಣ್ಣದ ಬ್ರಷ್ಷಿನಲ್ಲಿ ಆ ಗರಿಯ ಸಂದಿಗೆ ಹೋಗುವುದೇ ಕಷ್ಟ. ಗುಜರಿಯವನು ಅರ್ಧ ದುಡ್ಡೂ ಕೊಡಲಿಲ್ಲ.

ಕೊನೆಗೆ ಕೆಲಸವನ್ನೇ ಉಲ್ಟಾ ಮಾಡಿದೆ. ಎಲ್ಲ ಗೆರೆಯನ್ನೂ ಮೊದಲೇ ಕೆರೆಯಲಿಲ್ಲ. ನೆರಳಿನ ದಪ್ಪ ಗೆರೆಗಳನ್ನಷ್ಟೇ ಎಳೆದು ಫೆರಿಕ್ಕಿನಲ್ಲಿ ಸುಮಾರು 40 ನಿಮಿಷ ಬಿಟ್ಟೆ. ತೊಳೆದು, ಅದೇ ಗ್ರೌಂಡಿನಲ್ಲಿ ಮುಖ ಬರೆದು ಮತ್ತೆ ಒಂದು ಕಾಲು ಗಂಟೆ. ಗರಿಯ ತುದಿ ಎಲ್ಲಕ್ಕಿಂತ ಕೊನೆಗೆ, ಏಳೆಂಟು ನಿಮಿಷ. ಮೊದಲ ಗೆರೆ ಹೆಚ್ಚು ಹೊತ್ತು ತಿಂದು ದಪ್ಪ, ಕೊನೆಯದು ತೆಳು. ಪ್ಲೇಟ್ ಮುಖ ಕೆಳಗಿರಲಿ, ಇಲ್ಲದಿದ್ದರೆ ಗೆರೆಯಲ್ಲಿ ಗಸಿ ಕೂರುತ್ತದೆ. ಕೊನೆಗೆ ಬ್ಯೂರಿನ್ (ಕೆತ್ತುವ ಉಳಿ) ಹಿಡಿದು ಕೆಲವು ಕಡೆ ಗೆರೆ ಊದಿಸಿದೆ. ಎಲ್ಲೆಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ!

ಪ್ರಿಂಟಿನಲ್ಲಿ ಎಲ್ಲ ತಿರುವುಮುರುವು ಬರುತ್ತದೆ, ಹಾಗಾಗಿ ಪ್ಲೇಟಿನ ಮೇಲೆ ಉಲ್ಟಾ ಅಕ್ಷರ ಬರೆಯುವುದು ಬೆವರು ಇಳಿಸಿತು. ಗಿಲ್‌ರೇ ಚಿಕ್ಕಂದಿನಲ್ಲಿ ಅಕ್ಷರ ಕೆತ್ತುವವರ ಹತ್ತಿರವೇ ಪಳಗಿದವನು, ಅವನಿಗೇನು? ನಾನು ಪೆನ್ಸಿಲ್‌ನಲ್ಲಿ ಬರೆದ ಟ್ರೇಸಿಂಗನ್ನು ಪ್ಲೇಟಿನ ಮೇಲೆ ಮಗುಚಿ ಪ್ರೆಸ್ಸಿಗೆ ಕೊಟ್ಟು ಪಾರಾದೆ.

ಈ ನಡುವೆ ಇನ್ನೊಂದು ಹುಚ್ಚು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ವಾಪಸ್ ಓಡಿದಾಗಲೂ ಗಿಲ್‌ರೇ ಬಿಟ್ಟಿರಲಿಲ್ಲ. ಕೋಟೆ ಮೇಲೆ ನಿಂತ ಟಿಪ್ಪು ಇಂಗ್ಲಿಷರ ಮೇಲೆ ಉಚ್ಚೆ ಹೊಯ್ಯುವ ಚಿತ್ರ ಅದು. ತಮ್ಮ ಸೇನಾಪತಿಯನ್ನೇ ಹೀಗೆ ಆಡಿಕೊಳ್ಳೋಕೆ ಧೈರ್ಯ ಬೇಕು ಅಲ್ವಾ? ಅದನ್ನು ನನ್ನದೇ ರೀತಿಯಲ್ಲಿ ಸಣ್ಣ ಪ್ಲೇಟಿನಲ್ಲಿ ಮಾಡಿ, ಆಕಾಶದ ಛಾಯೆಗೆ ಅಕ್ವಾಟಿಂಟ್ (ರಾಳದ ಪುಡಿ ಉದುರಿಸಿ ತಿನ್ನಿಸುವ ವಿಧಾನ) ಹಾಕಿದೆ. ರಾಳದ ಪುಡಿ ಗುಪ್ಪೆಯಾಗಿ ಮೋಡಕ್ಕೆ ಸಿಡುಬು ಎದ್ದಿತು. ಸದ್ಯಕ್ಕೆ ಅದು ಅಟ್ಟದ ಮೇಲಿದೆ.

ಬಣ್ಣ ಕೈಯಲ್ಲೇ ಹಾಕಿದ್ದು. ಅವನ ಚಿತ್ರಗಳನ್ನು ಮಾರುತ್ತಿದ್ದ ಲಂಡನ್ನಿನ ಹಂಫ್ರಿ ಅಂಗಡಿಯಲ್ಲೂ ಗಿಲ್‌ರೇ ಪ್ರಿಂಟುಗಳಿಗೆ ಕೈಯಿಂದಲೇ ಬಣ್ಣ ಹಾಕುತ್ತಿದ್ದರು. ಅದಕ್ಕೇ ಒಂದು ಪ್ರತಿಯ ಕೋಟಿನ ಬಣ್ಣ ಇನ್ನೊಂದರಲ್ಲಿ ಇರುವುದಿಲ್ಲ. ಕೈಕಾಗದ ಮೊದಮೊದಲು ಕೆಂಪನ್ನು ಹೀರಿ ಪಿಟ್‌ನ ಕೋಟನ್ನು ಮೇಜಿನವರೆಗೂ ಹರಡಿಸಿತು. ಜೆಲಟಿನ್ ಹಚ್ಚಿದ ಮೇಲೆ ನಿಂತಿತು. ಎಷ್ಟು ಹಾಕಬೇಕು ಅಂತ ಮಾತ್ರ ಕೇಳಬೇಡಿ.

ಎಲ್ಲ ಸೇರಿ 18 ಸಾವಿರದ ಹತ್ತಿರ ಸುರಿದೆ. ಬಣ್ಣದ ಪ್ರತಿಯನ್ನು 3,500ಕ್ಕೆ, ಬರೀ ಕಪ್ಪಿನದನ್ನು 2,000ಕ್ಕೆ ಮಾರಿದೆ. ಅಸಲು ಬಂದಾಗಿದೆ. ಬರೀ ಕಪ್ಪಿನದನ್ನು ಜಾಸ್ತಿ ಕೊಳ್ಳುತ್ತಿರುವವರು ಪ್ರಿಂಟ್ ಮಾಡುವವರೇ.