ಗೇಮ್‌ನ ಮ್ಯೂಸಿಕ್ ಆಫ್ ಮಾಡಿ ಆಡುವುದು: ನನ್ನ ಅನುಭವ

ಮ್ಯೂಸಿಕ್ ಆಫ್ ಮಾಡುವುದು ಅಂದರೆ ಗೇಮ್ ಮ್ಯೂಟ್ ಮಾಡುವುದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಸೆಟ್ಟಿಂಗ್ಸ್ ಒಳಗೆ ಹೋದರೆ ಸಾಮಾನ್ಯವಾಗಿ ಮ್ಯೂಸಿಕ್‌ಗೆ ಒಂದು ಸ್ಲೈಡರ್, ಉಳಿದ ಸದ್ದುಗಳಿಗೆ ಇನ್ನೊಂದು ಇರುತ್ತದೆ. ನಾನು ಸೊನ್ನೆಗೆ ಎಳೆಯುವುದು ಮ್ಯೂಸಿಕ್ ಒಂದನ್ನೇ. ಹೆಜ್ಜೆ, ಗಾಳಿ, ನೀರು, ಬಾಗಿಲು, ಮಾತು ಎಲ್ಲವೂ ಪೂರ್ತಿ ಇರಬೇಕು.

ನಾನು ತುಮಕೂರಿನವನು. ವಸಂತನರಸಾಪುರದ ಕಡೆ ಶಿಫ್ಟ್ ಮುಗಿಸಿ ಬಂದು, ಊಟ ಮಾಡಿ ಆಡಲು ಕೂರುವುದು ರಾತ್ರಿಯೇ. ಇಡೀ ದಿನ ಮಷೀನ್ ಸದ್ದು ಕೇಳಿದ ಕಿವಿಗೆ ಮನೆಯಲ್ಲಿ ಮತ್ತೊಂದು ವಾದ್ಯಗೋಷ್ಠಿ ಬೇಡ ಅನ್ನಿಸಿತು. ಶುರುವಾಗಿದ್ದು ಅಷ್ಟಕ್ಕೆ. ಮುಂದುವರಿಸಿದ ಕಾರಣ ಬೇರೆ. ಅದು ಗೊತ್ತಾಗಿದ್ದು ಸ್ಕೈರಿಮ್ ಆಡುವಾಗ.

2011ರ ಗೇಮ್ ಅದು. ಜೆರೆಮಿ ಸೋಲ್ ಮಾಡಿರುವ ಸಂಗೀತ ನಿಜಕ್ಕೂ ಸೊಗಸಾಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಡಿನಲ್ಲಿ ನಡೆಯುವಾಗ ಒಂದು ತೋಳ ನಮ್ಮನ್ನು ನೋಡಿ ಮೇಲೆ ಬರಲು ಹೊರಟಿತು ಅನ್ನಿ, ತಕ್ಷಣ ಜಗಳದ ಮ್ಯೂಸಿಕ್ ಶುರು. ಸಿನಿಮಾದಲ್ಲಿ ವಿಲನ್ ಮುಖ ಕಾಣುವ ಮೊದಲೇ ಡ್ರಮ್ ಬಾರಿಸಿದ ಹಾಗೆ. ಜಗಳ ಮುಗಿದರೆ ಮ್ಯೂಸಿಕ್ಕೂ ಇಳಿಯುತ್ತದೆ. ಅಂದರೆ ಯಾವಾಗ ಹೆದರಬೇಕು, ಯಾವಾಗ ಕತ್ತಿ ಒಳಗಿಡಬೇಕು ಅನ್ನುವುದನ್ನೆಲ್ಲ ಅದೇ ಹೇಳಿಕೊಡುತ್ತದೆ. ನಾನು ಕಣ್ಣು, ಕಿವಿ ಎರಡನ್ನೂ ಅರ್ಧ ಮುಚ್ಚಿಕೊಂಡೇ ಆಡಬಹುದು.

ಅದನ್ನು ಆಫ್ ಮಾಡಿದ ಮೇಲೆ ಆಟವೇ ಬದಲಾಯಿತು. ಗುರ್ ಅನ್ನುವ ಸದ್ದು ಎಡಕ್ಕೋ ಬಲಕ್ಕೋ ಅಂತ ನಾನೇ ಕೇಳಿಸಿಕೊಳ್ಳಬೇಕು. ಒಬ್ಬ ದರೋಡೆಕೋರ ಬಿದ್ದರೆ ಇನ್ನೊಬ್ಬ ಎಲ್ಲಿದ್ದಾನೆ ಅಂತ ನಾನೇ ತಿರುಗಿ ನೋಡಬೇಕು. ನಡಿಗೆ ನಿಧಾನವಾಯಿತು. ನಿರ್ನ್‌ರೂಟ್ ಅನ್ನುವ ಗಿಡ ಒಂದಿದೆ, ಹೆಚ್ಚಾಗಿ ನೀರಿನ ಹತ್ತಿರ ಬೆಳೆಯುತ್ತದೆ. ಹತ್ತಿರ ಹೋದರೆ ಅದು ಗುಂಯ್ ಅಂತ ಸದ್ದು ಮಾಡುತ್ತದೆ. ಮ್ಯೂಸಿಕ್ ಇಲ್ಲದಿದ್ದಾಗ ಆ ಸದ್ದನ್ನೇ ಹಿಡಿದು ಹೊಳೆಯ ದಂಡೆಯಲ್ಲಿ ಹುಡುಕುತ್ತಾ ಹೋಗುವುದು ನನಗೆ ದೊಡ್ಡ ಖುಷಿ. ಯಾರೋ ಕೂತು ಇಷ್ಟೆಲ್ಲ ಸದ್ದುಗಳನ್ನು ಮಾಡಿಟ್ಟಿದ್ದಾರೆ, ಅವೂ ಕೇಳಿಸಬೇಕಲ್ವಾ?

ಅಕ್ಕನ ಮಗ ರಜೆಗೆ ಶಿರಾದಿಂದ ಬಂದಾಗ ನನ್ನ ಪಕ್ಕ ಕೂತು ನೋಡುತ್ತಿದ್ದ. "ಏನ್ ಮಾವ ಇದು, ಮ್ಯೂಸಿಕ್ಕೇ ಇಲ್ಲ, ಬೋರ್ ಆಗಲ್ವಾ?" ಅಂದ. ಅವನು ಆಡುವುದು ಮೈನ್‌ಕ್ರಾಫ್ಟ್. ಅದರಲ್ಲಿ ಮ್ಯೂಸಿಕ್ ಹೇಗೂ ಆಗೊಮ್ಮೆ ಈಗೊಮ್ಮೆ ಮಾತ್ರ ಬರುತ್ತದೆ, ಮಧ್ಯೆ ಎಷ್ಟೋ ನಿಮಿಷ ಏನೂ ಇರುವುದಿಲ್ಲ. ಅದನ್ನೂ ಆಫ್ ಮಾಡಿ ಗುಹೆಗೆ ಇಳಿ ಅಂದೆ. ಅದರಲ್ಲಿ ಕ್ರೀಪರ್ ಅನ್ನುವ, ಸದ್ದಿಲ್ಲದೆ ಬಂದು ಸಿಡಿಯುವ ಶತ್ರು ಇದೆ; ಅದು ಹತ್ತಿರ ಬಂದು ಸ್ಸ್ ಅಂದ ಮೇಲೆ ಸಿಡಿಯಲು ಒಂದೂವರೆ ಸೆಕೆಂಡ್ ಅಷ್ಟೇ. ಆ ಸ್ಸ್ ಮೇಲೆ ಪಿಯಾನೋ ಕೂರಬಾರದು. ಅವನಿಗೆ ಗುಹೆಯಲ್ಲಿ ಇದು ಒಪ್ಪಿಗೆಯಾಯಿತು. ಮನೆ ಕಟ್ಟುವಾಗ ಮಾತ್ರ ಮ್ಯೂಸಿಕ್ ಬೇಕೇ ಬೇಕಂತೆ. ಸರಿಯಾಗಿಯೇ ಹೇಳಿದ.

ಬಿಜಿಎಂಐ (ಮೊಬೈಲ್‌ನಲ್ಲಿ ಆಡುವ ಶೂಟಿಂಗ್ ಗೇಮ್) ಆಡುವವರಿಗೆ ಹೆಜ್ಜೆ ಸದ್ದಿನ ಬೆಲೆ ನಾನು ಹೇಳಬೇಕಾಗಿಲ್ಲ. ಒಂದೇ ಮಾತು: ವೈರ್ ಇರುವ ಇಯರ್‌ಫೋನ್ ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಆಗ ಮ್ಯೂಸಿಕ್ ಆಫ್ ಮಾಡಿದ್ದರ ಲಾಭ ಅರ್ಧ ಹೋಯಿತು.

ಹಾಗಂತ ಎಲ್ಲದರಲ್ಲೂ ಆಫ್ ಮಾಡುವುದು ತಪ್ಪು. ಕೆಲವು ಕಡೆ ಮ್ಯೂಸಿಕ್ಕೇ ಆಟದ ಭಾಗ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ನಾಲ್ಕೇ ಸ್ವರ ಸುತ್ತುತ್ತವೆ. ಶತ್ರುಗಳು ಕಡಿಮೆಯಾದಷ್ಟೂ ಅವರ ವೇಗ ಜಾಸ್ತಿ, ಸ್ವರಗಳ ವೇಗವೂ ಜಾಸ್ತಿ. 1985ರ ಸೂಪರ್ ಮಾರಿಯೋದಲ್ಲಿ ಟೈಮ್ 100ಕ್ಕಿಂತ ಕೆಳಗೆ ಇಳಿದರೆ ಹಾಡು ಓಡಲು ಶುರು ಮಾಡುತ್ತದೆ, ಮೂಲೆಯ ಅಂಕಿ ನೋಡುವುದೇ ಬೇಡ. ಇವುಗಳಲ್ಲಿ ಆಫ್ ಮಾಡಿದರೆ ನಷ್ಟ ನಮಗೇ. ಜರ್ನಿ ಅನ್ನುವ 2012ರ ಗೇಮ್ ಅಂತೂ ಸಂಗೀತವಿಲ್ಲದೆ ಇಲ್ಲವೇ ಇಲ್ಲ. ಆಸ್ಟಿನ್ ವಿಂಟರಿಯ ಆ ಸಂಗೀತ ಗ್ರ್ಯಾಮಿಗೆ ನಾಮಿನೇಟ್ ಕೂಡ ಆಗಿತ್ತು. ಯಾವುದೇ ಹೊಸ ಗೇಮ್ ಇರಲಿ, ಮೊದಲ ಕೆಲವು ಗಂಟೆ ಮಾಡಿದವರು ಇಟ್ಟ ಹಾಗೆಯೇ ಆಡುತ್ತೇನೆ. ಅವರು ಏನು ಕೇಳಿಸಬೇಕೆಂದಿದ್ದರೋ ಅದನ್ನು ಒಮ್ಮೆ ಕೇಳುವುದು ನ್ಯಾಯ. ದಿನವೂ ಹೋಗಿ ಬರುವ ಆಟವಾದರೆ ಮಾತ್ರ ಆಮೇಲೆ ಸ್ಲೈಡರ್ ಎಳೆಯುತ್ತೇನೆ.

ಹಾಲೋ ನೈಟ್ ಅನ್ನುವ ಗೇಮ್ ಈ ಎರಡು ಬಗೆಯ ಮಧ್ಯೆ ಬರುತ್ತದೆ. ಅದರಲ್ಲಿ ಮ್ಯಾಪ್ ಮಾರುವ ಕಾರ್ನಿಫರ್ ಎಲ್ಲೋ ಮೂಲೆಯಲ್ಲಿ ಕೂತು ಗುನುಗುತ್ತಿರುತ್ತಾನೆ, ಆ ಗುನುಗು ಕೇಳಿಸಿದರೆ ದಾರಿ ಸಿಕ್ಕ ಹಾಗೆ. ಬಾಸ್ ಫೈಟ್‌ಗಳ, ಅಂದರೆ ದೊಡ್ಡ ಶತ್ರುಗಳ ಜೊತೆಗಿನ ಜಗಳಗಳ, ಸಂಗೀತವನ್ನೂ ನಾನು ಬಿಡಲಾರೆ. ಹಾಗಾಗಿ ಅಲ್ಲಿ ಮ್ಯೂಸಿಕ್ 10ಕ್ಕೆ 3ರಲ್ಲಿದೆ, ಉಳಿದ ಸದ್ದು ಪೂರ್ತಿ 10.